ಕೋಷ್ಟಕ ನಾಲ್ಕು, ಕೊನೇ ಸಾಲು

ಅರ್ಧ ದಿನ ರಜಾ ಹಾಕಿ ಬಂದೀನಿ.
ಕೊರಳಾಗ ನೀಲಿ ದಾರ, ದಾರದ ತುದಿಗೆ ಕಾರ್ಡು,
ಕಾರ್ಡಿನ ಮ್ಯಾಲ ಪೆನ್ನಿಲೆ ಬರದಾರ: ಬೌರವ್ವ ಕನ್ನೂರ, ಮಾಜಿ.
ಮಾಜಿ ಏನು ಅಂತ ಬರದಿಲ್ಲ.
ಜಾಗಾ ಸಾಲಿಲ್ಲ.

ಬ್ಯಾನರ್ ದೊಡ್ಡದು.
'ಕ್ರೀಡೆ ಮತ್ತು ಸಮಾಜ: ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣ.'
ವಿಜಯಪುರದ ಮಾರ್ಚ್ ತಿಂಗಳು, ಫ್ಯಾನು
ಒಂದ್ ಮೂಲಿ ಬಿಸಿಲನ್ನ ಇನ್ನೊಂದ್ ಮೂಲಿಗೆ ಹಂಚತಾವ.
ದೂರದಿಂದ ಬಂದ ಸರ್ ಒಬ್ರು ಅಂದ್ರು,
ಆಟ ಅನ್ನೋದು ಸಮಾಜದ ಕನ್ನಡಿ.
ಇನ್ನೊಬ್ರು ಎದ್ದು, ಕನ್ನಡಿ ಅಲ್ಲ, ಕಣ ಅಂದ್ರು.
ಅರ್ಧ ತಾಸು ಕನ್ನಡಿ, ಅರ್ಧ ತಾಸು ಕಣ.
ನಾ ಸೀಟ್ ಎಣಿಸಿದೆ, ಚಟ ನೋಡ್ರಿ,
ನೂರಾ ಹನ್ನೆರಡು ಕುರ್ಚಿ, ನಲವತ್ತೊಂದು ಮಂದಿ,
ಅದರಾಗ ಏಳು ಮಂದಿಗೆ ನಿದ್ದಿ.

ಊಟಕ್ಕಿಂತ ಮದಲ ಮೆಹಜಬೀನ ಬಾಗವಾನ,
ಹೋದ ವರ್ಷ ಫೋನಿನ್ಯಾಗ ಇಪ್ಪತ್ತು ನಿಮಿಷ ಮಾತಾಡಿಸಿದ ಹುಡುಗಿ,
ಪರದೆ ಮ್ಯಾಲ ಕೋಷ್ಟಕ ನಾಲ್ಕು ಮೂಡಿಸಿದಳು.
ಜಿಲ್ಲೆಯ ಮಹಿಳಾ ಸೈಕ್ಲಿಸ್ಟರು, ಅರ್ಧಕ್ಕೆ ಬಿಟ್ಟವರು, ಕಾರಣವಾರು.
ಮದುವೆ ಹದಿನಾಲ್ಕು.
ಹಣದ ಅಡಚಣೆ ಹನ್ನೊಂದು.
ಗಾಯ ಒಂಬತ್ತು.
ನೌಕರಿ ಮೂರು.
ಇತರೆ ಒಂದು.

ಆ ಒಂದು ನಾನು.

ಹದಿನಾಲ್ಕರಾಗ ದಾನೇಶ್ವರಿ ಅದಾಳ, ಇಳಕಲ್ಲಿಗೆ ಕೊಟ್ಟಾರ,
ಒಂಬತ್ತರಾಗ ಇಂದುಮತಿ, ಮಣಕಾಲಾಗ ಇವತ್ತಿಗೂ ಸ್ಕ್ರೂ.
ಅವರಿಗೆ ಮಗ್ಗಲಾಗ ಮಂದಿ ಅದಾರ.
ನಂದು ಒಬ್ಬಾಕಿನ ಸೀಟು,
ಬಸ್ಸಿನ್ಯಾಗ ಇದ್ದಂಗ.

ಪ್ರಶ್ನೆ ಕೇಳ್ರಿ ಅಂದ್ರು. ಮೈಕು ಬಂತು, ಕುಂಯ್ ಅಂತು.
ತಂಗಿ, ಇತರೆ ಅಂದ್ರ ಏನ?
ಹುಡುಗಿ ಹಾಳಿ ತಿರವಿದಳು, ಮತ್ತ ತಿರವಿದಳು.
ನೀವು ಹೇಳಿದ್ದನ್ನ ಯಾವ ಮನಿಯಾಗ ಹಾಕಬೇಕು
ತಿಳೀಲಿಲ್ರಿ ಅಕ್ಕಾರ.

ನಾ ಹೇಳಿದ್ದು ಇಷ್ಟ.
ಅವತ್ತ ತಿಕೋಟಾ ರಸ್ತೆ, ಎಂಬತ್ತು ಕಿಲೋಮೀಟರ್,
ಎದುರಗಾಳಿ. ಹನ್ನೊಂದು ದಿನಕ್ಕ ನ್ಯಾಷನಲ್ಸ್.
ಚೈನು ಕಳಚಿರಲಿಲ್ಲ, ಗಾಲಿ ಪಂಕ್ಚರ್ ಆಗಿರಲಿಲ್ಲ,
ಹೊಟ್ಟಿ ನೋವಿರಲಿಲ್ಲ, ಅಳು ಬಂದಿರಲಿಲ್ಲ.
ಒಂದು ಬೇವಿನ ಗಿಡ ಇತ್ತು. ಇಳದೆ, ಕುಂತೆ.
ಇರಿವಿಯೊಂದು ಜೋಳದ ಕಾಳು ಎಳಕೋಂತ ಹೊಂಟಿತ್ತು,
ತನಗಿಂತ ದೊಡ್ಡ ಕಾಳು,
ನಡುನಡುವ ಬಿಟ್ಟು ಸುತ್ತ ತಿರಗತಿತ್ತು.
ನೋಡಿದೆ. ಏಳಬೇಕು ಅನ್ನಿಸಲಿಲ್ಲ.

ಕೋಚ್ ಸರ್ ಮಾಟ ಮಾಡಿಸ್ಯಾರ ಅಂದ್ರು,
ಅವ್ವ ದೃಷ್ಟಿ ತಗದಳು.
ವಾರ್ಡನ್ ಮೇಡಮ್ ಟ್ರಂಕು ತಗದು ಪತ್ರ ಹುಡುಕಿದ್ರು,
ಯಾವನರ ಒಬ್ಬ ಹುಡುಗ ಇರಲೇಬೇಕಿತ್ತು.
ಇರಲಿಲ್ಲ.

ಸಭಾದಾಗ ಗುಸುಗುಸು.
ಇದು ವ್ಯವಸ್ಥೆಯ ಒತ್ತಡ ಅಂದ್ರು ಒಬ್ರು,
ಒಳಗಿಳಿದ ಪುರುಷಪ್ರಧಾನತೆ ಅಂದ್ರು ಮತ್ತೊಬ್ರು.
ಇರಬಹುದ್ರಿ.
ಆ ನೆರಳಿನ್ಯಾಗ ಅವೂ ಕುಂತಿರಬಹುದು.
ನನಗ ಕಂಡದ್ದು ಇರಿವಿ.
ಅಧ್ಯಕ್ಷರು ಗಡಿಯಾರ ನೋಡಿ,
ಇದು ದತ್ತಾಂಶದ ಮಿತಿ ಅಂತ ಮುಗಿಸಿದ್ರು.

ಊಟದಾಗ ಕಟಿರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ.
ಮೆಹಜಬೀನ ತಾಟು ಹಿಡಕೊಂಡು ಬಂದು ಬಾಜೂಕ ನಿಂತಳು.
ಹಿಂಡಿ ಮುಟ್ಟಿರಲಿಲ್ಲ.
ಆ ಸಾಲು ತಗದಬಿಡ್ಲೇನ್ರಿ ಅಕ್ಕಾ?
ಬ್ಯಾಡ ತಂಗಿ.
ತಗದ್ರ ಮೂವತ್ತೆಂಟು ಆಗಂಗಿಲ್ಲ, ಒಟ್ಟು ತಪ್ಪತೈತಿ.
ರೊಕ್ಕ ಒಂದ್ ರೂಪಾಯಿ ಕಡಿಮಿ ಬಿದ್ರ
ಡಿಪೋದಾಗ ನಾ ಕಿಸೆದಿಂದ ತುಂಬತೀನಿ, ಗೊತ್ತೈತಿ ನನಗ.

ನಾಲ್ಕೂವರಿಗೆ ಅಥಣಿ ಗಾಡಿ, ಖಾಕಿ ಹಾಕೊಂಡೆ.
ನೀಲಿ ದಾರ ತಗಿಯೋದು ಮರತು
ಸೀಟಿ ಜೋಡಿ ತೊಡಕಾತು.
ರಸ್ತೆ ಅಗಲ ಮಾಡುಮುಂದ ಬೇವಿನ ಗಿಡ ಹೋತು.
ಈಗಲ್ಲಿ ಸ್ಟಾಪೂ ಇಲ್ಲ, ತಗಡಿನ ಶೆಡ್ಡೂ ಇಲ್ಲ,
ಕಲ್ಲಿನ ಮ್ಯಾಲ ಬರದ ಅಂಕಿ ಅಷ್ಟ.
ಆದರೂ ಯಾರರ ಒಬ್ರು ನಡುವ ಎದ್ದು
ಇಲ್ಲೇ ಇಳಿತೀನ್ರಿ ಅಂದ್ರ,
ಯಾಕ ಅಂತ ಕೇಳಂಗಿಲ್ಲ.
ಸೀಟಿ ಊದತೀನಿ.